ಚೆಕ್ ಇಂಜಿನ್ ಲೈಟ್ ಬಂತಾ? ಪಾರ್ಟ್ಸ್ ಬದಲಿಸುವ ಮೊದಲು ಫ್ಯುಯೆಲ್ ಟ್ರಿಮ್ ನೋಡಿ

ಮಳೆಗಾಲ ಮುಗಿಯುತ್ತಾ ಬಂದ ಹಾಗೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಪೆಟ್ರೋಲ್ ಗಾಡಿಗಳದ್ದು ಒಂದೇ ತರದ ರಾಗ. "ನಿಂತಲ್ಲಿ ಇಂಜಿನ್ ನಡುಗ್ತದೆ", "ರೇಸ್ ತನ್ನಷ್ಟಕ್ಕೇ ಏರ್ತದೆ, ಇಳೀತದೆ", "ಸೊಸೈಟಿಗೆ ಹಾಲು ಕೊಂಡುಹೋಗುವಾಗ ದಾರಿಯಲ್ಲಿ ಎರಡು ಸಲ ಆಫ್ ಆಯ್ತು", "ಹಳದಿ ಲೈಟ್ ಉರೀತಾ ಉಂಟು". ತೋಟದ ಕೆಲಸದ ಜೊತೆಗೆ ಗಾಡಿ ರಿಪೇರಿಯನ್ನೂ ಮಾಡುವವನಾದ್ದರಿಂದ ಈ ಮಾತುಗಳನ್ನು ನಾನು ಪ್ರತಿ ವರ್ಷ ಕೇಳುತ್ತೇನೆ.

ಇಂಥ ಗಾಡಿಗೆ ಸಾಮಾನ್ಯವಾಗಿ ಆಗುವುದೇನು? ಮೊದಲು ಪ್ಲಗ್ ಬದಲು. ಸರಿಯಾಗದಿದ್ದರೆ ಇಂಜೆಕ್ಟರ್ ಕ್ಲೀನಿಂಗ್. ಆಮೇಲೆ ಆಕ್ಸಿಜನ್ ಸೆನ್ಸರ್. ಅಷ್ಟರಲ್ಲಿ ಒಂದು ಕ್ವಿಂಟಾಲ್ ತೆಂಗಿನಕಾಯಿಯ ದುಡ್ಡು ಹೋಗಿರುತ್ತದೆ, ಲೈಟ್ ಮಾತ್ರ ಹಾಗೇ ಇರುತ್ತದೆ. ಕಡೆಗೆ ನೋಡಿದರೆ ಬೆರಳುದ್ದದ ಒಂದು ರಬ್ಬರ್ ಪೈಪು ಸೀಳಿಕೊಂಡು, ಅಲ್ಲಿಂದ ಇಂಜಿನ್ ಕಳ್ಳಗಾಳಿ ಎಳೆಯುತ್ತಿರುತ್ತದೆ. ಇದಕ್ಕೇ ವ್ಯಾಕ್ಯೂಮ್ ಲೀಕ್ ಅನ್ನುವುದು.

ಈ ಕಳ್ಳಗಾಳಿ ಇದೆಯೋ ಇಲ್ಲವೋ ಎಂದು ನಿಮ್ಮ ಮೊಬೈಲಿನಲ್ಲೇ ನೋಡಬಹುದು. ಕಾಲು ಗಂಟೆ ಸಾಕು. ಹೇಗೆ ಅಂತ ಈ ವಾರ ಹೇಳುತ್ತೇನೆ.

ಯಾವ ಗಾಡಿಗೆ ಇದು ಆಗುತ್ತದೆ?

ಪೆಟ್ರೋಲ್ ಗಾಡಿಗೆ ಮಾತ್ರ. ಓಮ್ನಿ, ಈಕೋ, ಸೂಪರ್ ಕ್ಯಾರಿ, ಏಸ್ ಗೋಲ್ಡ್ ಪೆಟ್ರೋಲ್, ಮನೆಯ ಆಲ್ಟೊ, ವ್ಯಾಗನ್ ಆರ್ ಹೀಗೆ. ಡೀಸೆಲ್ ಪಿಕಪ್, ಡೀಸೆಲ್ ಜೀಪು ಇದ್ದವರಿಗೆ ಈ ವಿಧಾನ ಹೊಂದುವುದಿಲ್ಲ. ಡೀಸೆಲ್ ಇಂಜಿನ್ ಗಾಳಿ-ಇಂಧನದ ಲೆಕ್ಕ ಹಾಕುವ ರೀತಿಯೇ ಬೇರೆ. ಕಾರ್ಬುರೇಟರ್ ಇರುವ ಹಳೆ ಗಾಡಿಗೂ ಆಗದು.

ಗಾಡಿಯಲ್ಲಿ ಒಬಿಡಿ-2 ಪೋರ್ಟ್ ಇರಬೇಕು. ಸ್ಟಿಯರಿಂಗಿನ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದೇ. ಬಿಎಸ್-4 ದೇಶದಾದ್ಯಂತ ಬಂದದ್ದು 2017ರ ಏಪ್ರಿಲಿನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲಿನಲ್ಲಿ. ಹಾಗಾಗಿ 2017ರ ನಂತರದ ಗಾಡಿಯಾದರೆ ಯೋಚನೆ ಬೇಡ. ಅದಕ್ಕಿಂತ ಹಳತಾದರೆ ಹಲವು ಗಾಡಿಗಳಲ್ಲಿ ಇದೆ, ಕೆಲವದರಲ್ಲಿ ಇಲ್ಲ. ಹಾಕಿ ನೋಡಿದರೆ ಗೊತ್ತಾಗುತ್ತದೆ.

ಬೇಕಾದದ್ದು ಎರಡೇ ವಸ್ತು. ಒಂದು, ಇಎಲ್‌ಎಂ327 ಎಂದು ಹೆಸರಿರುವ ಬ್ಲೂಟೂತ್ ಅಡಾಪ್ಟರ್. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಐಫೋನ್ ಇದ್ದವರು ಐಫೋನಿಗೆ ಹೊಂದುವಂಥದ್ದೇ ಎಂದು ನೋಡಿ ತೆಗೆದುಕೊಳ್ಳಿ. ಎರಡು, ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ತರದ ಒಂದು ಆ್ಯಪ್. ನಾಲ್ಕು ಮನೆಯವರು ಸೇರಿ ಒಂದು ಅಡಾಪ್ಟರ್ ತಂದರೂ ಸಾಕು. ಕೆಲಸ ಮುಗಿದ ಮೇಲೆ ಅದನ್ನು ಪೋರ್ಟಿನಿಂದ ಕಿತ್ತಿಡಿ, ಇಲ್ಲದಿದ್ದರೆ ದಿನಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿಯಬಹುದು.

ಫ್ಯುಯೆಲ್ ಟ್ರಿಮ್ ಅಂದರೆ ಎಂತ?

ತೋಟಕ್ಕೆ ಬೋರ್ಡೋ ಮಾಡುವುದನ್ನು ನೆನಪಿಸಿಕೊಳ್ಳಿ. ಶೇ. 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಈಗ ಯಾರೋ ಡ್ರಮ್ಮಿಗೆ ಇಟ್ಟ ಪೈಪನ್ನು ಮರೆತು, ಇನ್ನೂ 20 ಲೀಟರ್ ನೀರು ಹೆಚ್ಚು ಬಿತ್ತು ಅಂತಿಟ್ಟುಕೊಳ್ಳಿ. ದ್ರಾವಣ ತೆಳುವಾಯಿತು. ಹದಕ್ಕೆ ತರಬೇಕಾದರೆ ತುತ್ತು, ಸುಣ್ಣ ಎರಡನ್ನೂ ಶೇ. 20ರಷ್ಟು ಹೆಚ್ಚು ಹಾಕಬೇಕು.

ಇಂಜಿನಿನ ಲೆಕ್ಕವೂ ಹೀಗೇ. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಳಗೆ ಎಷ್ಟು ಗಾಳಿ ಬಂತು ಎಂದು ಸೆನ್ಸರಿನಿಂದ ತಿಳಿದುಕೊಂಡು ಇಂಜಿನಿನ ಕಂಪ್ಯೂಟರ್, ಅಂದರೆ ಇಸಿಯು, ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಹದ ನೋಡುತ್ತದೆ, ನಾವು ಬೋರ್ಡೋಗೆ ಲಿಟ್ಮಸ್ ಕಾಗದ ಅದ್ದಿ ನೋಡುವ ಹಾಗೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿದ್ದರೆ "ಪೆಟ್ರೋಲ್ ಕಮ್ಮಿ ಆಯ್ತು" ಎಂದು ಅರ್ಥ. ಇಸಿಯು ಹೆಚ್ಚು ಬಿಡುತ್ತದೆ. ಕಡಿಮೆ ಉಳಿದಿದ್ದರೆ ಪೆಟ್ರೋಲ್ ತಗ್ಗಿಸುತ್ತದೆ. ಹೀಗೆ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಬಿಡಬೇಕಾಯಿತು ಎಂಬ ಅಂಕಿಯೇ ಫ್ಯುಯೆಲ್ ಟ್ರಿಮ್. ಪ್ಲಸ್ ಅಂದರೆ ಹೆಚ್ಚು ಹಾಕಿದೆ, ಮೈನಸ್ ಅಂದರೆ ತಗ್ಗಿಸಿದೆ.

ಆ್ಯಪಿನಲ್ಲಿ ಎರಡು ಟ್ರಿಮ್ ಕಾಣುತ್ತವೆ. ಶಾರ್ಟ್ ಟರ್ಮ್ ಎಂಬುದು ಆ ಕ್ಷಣದ ತಿದ್ದುಪಡಿ, ಕುಣಿಯುತ್ತಾ ಇರುತ್ತದೆ. ಲಾಂಗ್ ಟರ್ಮ್ ಎಂಬುದು ಇಸಿಯು ಕಲಿತು ನೆನಪಿಟ್ಟುಕೊಂಡದ್ದು, ನಿಧಾನಕ್ಕೆ ಬದಲಾಗುತ್ತದೆ. ಎರಡನ್ನೂ ಕೂಡಿಸಿದ ಮೊತ್ತವೇ ನಿಮಗೆ ಬೇಕಾದ ಅಂಕಿ. ಶಾರ್ಟ್ ಟರ್ಮ್ 0 ತೋರಿಸುತ್ತದೆ ಎಂದು ಸಮಾಧಾನ ಪಡಬೇಡಿ. ಲಾಂಗ್ ಟರ್ಮ್ +18 ಇರಬಹುದು.

ಮೊತ್ತ +5 ಮತ್ತು −5ರ ನಡುವೆ ಇದ್ದರೆ ಇಂಜಿನ್ ಆರೋಗ್ಯವಾಗಿದೆ. 10ರ ತನಕ ತಲೆಬಿಸಿ ಬೇಡ. 10 ದಾಟಿದರೆ ಕಾರಣ ಹುಡುಕಬೇಕು. +20, +25ರ ಹತ್ತಿರ ಹೋಗಿ ಅಲ್ಲೇ ನಿಂತರೆ ಲೈಟ್ ಬರುತ್ತದೆ, ಪಿ0171 ಎಂಬ ಕೋಡ್ ಬೀಳುತ್ತದೆ. ಎಷ್ಟಕ್ಕೆ ಬೀಳುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಆ ಕೋಡಿನ ಅರ್ಥ "ಮಿಶ್ರಣ ತೆಳುವಾಗಿದೆ" ಎಂದಷ್ಟೇ. "ಆಕ್ಸಿಜನ್ ಸೆನ್ಸರ್ ಹಾಳಾಗಿದೆ" ಎಂದಲ್ಲ. ಹಲವು ಸಲ ಆ ಸೆನ್ಸರ್ ಸರಿ ಇದ್ದೇ ಸತ್ಯ ಹೇಳುತ್ತಿರುತ್ತದೆ. ಚಾಡಿ ಹೇಳಿದವನನ್ನೇ ಹೊರಗೆ ಹಾಕಿದರೆ ಕಳ್ಳ ಸಿಗುವುದಿಲ್ಲ.

ಮೂರು ಸ್ಥಿತಿಯಲ್ಲಿ ಮೂರು ಅಂಕಿ

ಒಂದೇ ಅಂಕಿಯಿಂದ ಏನೂ ಹೇಳಲಾಗದು. ಅದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದೇ ಮುಖ್ಯ.

1. ಮೊದಲು ಕೋಡ್ ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಫ್ರೀಝ್ ಫ್ರೇಮ್ ಎಂದು ಇದ್ದರೆ ಅದನ್ನೂ ತೆಗೆಯಿರಿ. ಲೈಟ್ ಬಂದ ಹೊತ್ತಿಗೆ ಇಂಜಿನ್ ಹೇಗಿತ್ತು ಎಂಬುದು ಅದರಲ್ಲಿರುತ್ತದೆ. ಕೋಡನ್ನು ಈಗಲೇ ಅಳಿಸಬೇಡಿ.

2. ಇಂಜಿನ್ ಬಿಸಿ ಮಾಡಿ. ಕೂಲಂಟ್ ಉಷ್ಣತೆ 80 ಡಿಗ್ರಿ ದಾಟಬೇಕು. ಎಸಿ, ಹೆಡ್‌ಲೈಟ್ ಆಫ್ ಇರಲಿ. ಆ್ಯಪಿನಲ್ಲಿ ಫ್ಯುಯೆಲ್ ಸಿಸ್ಟಮ್ "ಕ್ಲೋಸ್ಡ್ ಲೂಪ್" ಎಂದು ತೋರಿಸಬೇಕು. ಅಂದರೆ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳಲು ಸುರು ಮಾಡಿದೆ ಎಂದು. ತಣ್ಣಗಿನ ಇಂಜಿನಿನಲ್ಲಿ ಟ್ರಿಮ್ ನೋಡಿ ಪ್ರಯೋಜನ ಇಲ್ಲ.

3. ಐಡ್ಲಿಂಗಿನಲ್ಲಿ ಎರಡು ನಿಮಿಷ ಬಿಟ್ಟು ಎರಡೂ ಟ್ರಿಮ್, ಆರ್‌ಪಿಎಂ ಬರೆದುಕೊಳ್ಳಿ.

4. ನ್ಯೂಟ್ರಲ್ಲಿನಲ್ಲೇ 2,500 ಆರ್‌ಪಿಎಂಗೆ ರೇಸ್ ಮಾಡಿ ಒಂದು ನಿಮಿಷ ಹಿಡಿಯಿರಿ. ಅಂಕಿ ಬರೆದುಕೊಳ್ಳಿ.

5. ಒಂದು ಏರು ದಾರಿಯಲ್ಲಿ ಮೂರನೇ ಗೇರಿನಲ್ಲಿ ಗಾಡಿ ಹತ್ತಿಸಿ. ಪಕ್ಕದಲ್ಲಿ ಕೂತವರು ಮೊಬೈಲ್ ನೋಡಲಿ, ಡ್ರೈವರ್ ರಸ್ತೆ ನೋಡಲಿ. ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ. ಪೂರ್ತಿ ತುಳಿದಾಗ ಇಸಿಯು ಟ್ರಿಮ್ ಲೆಕ್ಕ ಬಿಟ್ಟುಬಿಡುತ್ತದೆ.

ಅಂಕಿಗಳನ್ನು ಓದುವ ಬಗೆ

ಐಡ್ಲಿಂಗಿನಲ್ಲಿ ಹೆಚ್ಚು, ರೇಸ್ ಮಾಡಿದಾಗ ಕಡಿಮೆ: ಉದಾಹರಣೆಗೆ +20 ಇದ್ದದ್ದು 2,500ಕ್ಕೆ ಹೋದಾಗ +5ಕ್ಕೆ ಇಳಿಯಿತು. ಇದು ಕಳ್ಳಗಾಳಿಯ ಗುರುತು. ಯಾಕೆ ಅಂದರೆ ಅದೇ ಬೋರ್ಡೋ ಲೆಕ್ಕ. 100 ಲೀಟರಿನ ಡ್ರಮ್ಮಿಗೆ 20 ಲೀಟರ್ ನೀರು ಹೆಚ್ಚು ಬಿದ್ದರೆ ದ್ರಾವಣ ಕೆಟ್ಟಿತು. 1,000 ಲೀಟರಿನ ಟ್ಯಾಂಕಿಗೆ ಅದೇ 20 ಲೀಟರ್ ಬಿದ್ದರೆ ಶೇ. 2 ಅಷ್ಟೇ. ಐಡ್ಲಿಂಗಿನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಅದರಲ್ಲಿ ತೂತಿನ ಗಾಳಿ ದೊಡ್ಡ ಪಾಲು. ಅದಲ್ಲದೆ ಥ್ರಾಟಲ್ ಮುಚ್ಚಿರುವಾಗ ಒಳಗಿನ ಎಳೆತ ಜೋರು, ಥ್ರಾಟಲ್ ತೆರೆದಂತೆ ಎಳೆತವೂ ಕಡಿಮೆ.

ಐಡ್ಲಿಂಗಿನಲ್ಲಿ ಸರಿ, ಏರು ಹತ್ತುವಾಗ ಹೆಚ್ಚು: +2 ಇದ್ದದ್ದು ಏರಿನಲ್ಲಿ +18. ಇದು ಗಾಳಿಯ ದೋಷ ಅಲ್ಲ, ಹೆಚ್ಚಾಗಿ ಪೆಟ್ರೋಲ್ ಸಾಲದ ದೋಷ. ಫ್ಯುಯೆಲ್ ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು, ಇಂಜೆಕ್ಟರ್ ಕಟ್ಟಿರಬಹುದು. ಮ್ಯಾಫ್ ಎಂಬ ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಅದು ಕೊಳೆಯಾಗಿರಬಹುದು. ಈ ಗಾಡಿಯಲ್ಲಿ ರಬ್ಬರ್ ಪೈಪು ಹುಡುಕುತ್ತಾ ಕೂರುವುದು ದಂಡ.

ಎಲ್ಲ ಕಡೆಯೂ ಒಂದೇ ಸಮ ಹೆಚ್ಚು: ಐಡ್ಲಿಂಗಿನಲ್ಲಿ +7, ರೇಸಿನಲ್ಲಿ +7, ಏರಿನಲ್ಲಿ +8. ಇದಕ್ಕೆ ಈಗ ಎಲ್ಲರೂ ತಿಳಿದಿರಬೇಕಾದ ಒಂದು ಕಾರಣ ಇದೆ, ಇ20 ಪೆಟ್ರೋಲ್. ಇ20 ಮಾರಾಟ ಸುರುವಾದದ್ದು 2023ರ ಫೆಬ್ರುವರಿಯಲ್ಲಿ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥೆನಾಲಿನ ಒಳಗೇ ಆಮ್ಲಜನಕ ಇರುವುದರಿಂದ 1 ಗ್ರಾಂ ಇ20ಗೆ ಸುಮಾರು 13.5 ಗ್ರಾಂ ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಶುದ್ಧ ಪೆಟ್ರೋಲಿಗೆ ಲೆಕ್ಕ ಹಾಕಿದ ಹಳೆ ಗಾಡಿಯಲ್ಲಿ ಟ್ರಿಮ್ ಶೇ. 7-8ರಷ್ಟು ಏರಬಹುದು, ಇ10ಗೆ ಹೊಂದಿಸಿದ್ದರಲ್ಲಿ ಸುಮಾರು 4. ಇದು ರೋಗ ಅಲ್ಲ, ಇಂಧನದ ಗುಣ. ಎಲ್ಲ ಕಡೆ ಸಮವಾಗಿ +15, +20 ಇದ್ದರೆ ಮಾತ್ರ ಪೆಟ್ರೋಲ್ ಒತ್ತಡ ನೋಡಿಸಬೇಕು.

ಮೈನಸ್ ಹೆಚ್ಚು: ಪೆಟ್ರೋಲ್ ಎಲ್ಲಿಂದಲೋ ಹೆಚ್ಚಾಗಿ ಬರುತ್ತಿದೆ. ಇಂಜೆಕ್ಟರ್ ಸೋರಿಕೆ, ಟ್ಯಾಂಕಿನ ಆವಿ ಎಳೆಯುವ ಪರ್ಜ್ ವಾಲ್ವ್ ತೆರೆದು ನಿಂತದ್ದು ಇತ್ಯಾದಿ. ಅದು ಬೇರೆಯೇ ವಿಷಯ.

ಸಿಎನ್‌ಜಿಯೂ ಇರುವ ಗಾಡಿಯಾದರೆ ಎರಡು ಇಂಧನದಲ್ಲೂ ಅಂಕಿ ನೋಡಿ. ಎರಡರಲ್ಲೂ ಐಡ್ಲಿಂಗಿನಲ್ಲಿ ಏರಿದ್ದರೆ ಕಳ್ಳಗಾಳಿ. ಒಂದರಲ್ಲಿ ಮಾತ್ರ ಇದ್ದರೆ ಆ ಇಂಧನದ ದಾರಿಯಲ್ಲೇ ದೋಷ.

ಎರಡು ಮೋಸದ ಗುರುತುಗಳು ಗೊತ್ತಿರಲಿ. ಆಕ್ಸಿಜನ್ ಸೆನ್ಸರಿಗಿಂತ ಮೊದಲು ಸೈಲೆನ್ಸರ್ ಪೈಪಿನಲ್ಲಿ ಬಿರುಕು ಇದ್ದರೆ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರಿಗೆ ಆಮ್ಲಜನಕ ಹೆಚ್ಚು ಕಾಣುತ್ತದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ ಆಗುತ್ತಿದ್ದರೂ ಹಾಗೇ. ಎರಡರಲ್ಲೂ ಟ್ರಿಮ್ ಪ್ಲಸ್ ಆಗುತ್ತದೆ, ಕಳ್ಳಗಾಳಿ ಮಾತ್ರ ಇರುವುದಿಲ್ಲ. ಹಾಗಾಗಿ "ಟಪ್ ಟಪ್" ಶಬ್ದ ಇದೆಯಾ, ಮಿಸ್‌ಫೈರ್ ಕೋಡ್ ಇದೆಯಾ, ಮೊದಲು ನೋಡಿ.

ನಮ್ಮ ಸಣ್ಣ ಗಾಡಿಗಳಲ್ಲಿ ಒಂದು ಹೆಚ್ಚಿನ ವಿಷಯ

ಇಂಟರ್‌ನೆಟ್ಟಿನ ವಿಡಿಯೊ ನೋಡಿದವರು ಎಡವುವ ಜಾಗ ಇದು. ಅಲ್ಲಿ ತೋರಿಸುವ ಕಾರುಗಳಿಗೆ ಹೆಚ್ಚಾಗಿ ಮ್ಯಾಫ್ ಸೆನ್ಸರ್ ಇರುತ್ತದೆ. ಅದು ಏರ್ ಫಿಲ್ಟರಿನ ಹತ್ತಿರವೇ ಕೂತು ಗಾಳಿ ಅಳೆಯುತ್ತದೆ. ಅದನ್ನು ದಾಟಿದ ಮೇಲೆ ಒಳಗೆ ನುಗ್ಗಿದ ಗಾಳಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಟ್ರಿಮ್ ಚೆನ್ನಾಗಿ ಏರುತ್ತದೆ.

ನಮ್ಮಲ್ಲಿ ಓಡುವ ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಇರುವುದು ಮ್ಯಾಪ್ ಸೆನ್ಸರ್. ಅದು ಗಾಳಿಯ ಪ್ರಮಾಣ ಅಳೆಯುವುದಿಲ್ಲ, ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆಯುತ್ತದೆ. ಕಳ್ಳಗಾಳಿ ಬಂದರೂ ಅದರ ಒತ್ತಡ ಇದಕ್ಕೆ ಕಾಣುತ್ತದೆ. ಇಸಿಯು ಅದಕ್ಕೂ ಸೇರಿಸಿ ಪೆಟ್ರೋಲ್ ಬಿಡುತ್ತದೆ. ಹೀಗಾಗಿ ಟ್ರಿಮ್ +4, +5ರಲ್ಲೇ ಇರಬಹುದು, ಲೈಟೂ ಬಾರದಿರಬಹುದು. ಆದರೆ ಐಡ್ಲಿಂಗ್ ಏರಿರುತ್ತದೆ ಅಥವಾ ಏರಿಳಿಯುತ್ತದೆ. ಒಂದೇ ಸಿಲಿಂಡರಿನ ಹತ್ತಿರ ತೂತಾದರೆ ಅಲ್ಲಿ ಮಾತ್ರ ಮಿಶ್ರಣ ತೆಳುವಾಗಿ ಇಂಜಿನ್ ನಡುಗುತ್ತದೆ, ಆಗ ಟ್ರಿಮ್ಮೂ ಸ್ವಲ್ಪ ಏರುತ್ತದೆ.

ನಿಮ್ಮ ಗಾಡಿಯದ್ದು ಯಾವುದು ಎಂದು ತಿಳಿಯುವುದು ಸುಲಭ. ಆ್ಯಪಿನಲ್ಲಿ ಗಾಳಿಯ ಪ್ರಮಾಣ ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಸೆನ್ಸರಿನಿಂದ ಬಂದರೆ ಮ್ಯಾಫ್. ಮ್ಯಾನಿಫೋಲ್ಡ್ ಒತ್ತಡ ಕಿಲೊಪಾಸ್ಕಲ್ ಲೆಕ್ಕದಲ್ಲಿ ಬಂದರೆ ಮ್ಯಾಪ್. ಕೆಲವು ಗಾಡಿಗೆ ಎರಡೂ ಇರುತ್ತದೆ.

ಮ್ಯಾಪ್ ಗಾಡಿಯಲ್ಲಿ ಟ್ರಿಮ್ ಒಂದನ್ನೇ ನಂಬಬೇಡಿ. ಟ್ರಿಮ್, ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ ಮೂರನ್ನೂ ಒಟ್ಟಿಗೆ ನೋಡಿ. ಇಂಜಿನ್ ಸುರು ಮಾಡದೆ ಕೀ ಮಾತ್ರ ಆನ್ ಮಾಡಿದರೆ ಬಂಟ್ವಾಳ, ಮೂಡುಬಿದಿರೆಯಂಥ ತಗ್ಗಿನ ಜಾಗದಲ್ಲಿ ಒತ್ತಡ 100ರ ಆಸುಪಾಸು ತೋರಿಸಬೇಕು. ಚಾರ್ಮಾಡಿ ಘಾಟಿ ಹತ್ತಿ ಮೇಲೆ ಹೋದರೆ ಅದೇ 90ರ ಹತ್ತಿರಕ್ಕೆ ಇಳಿಯುತ್ತದೆ, ಅದು ಸಹಜ. ಬಿಸಿ ಇಂಜಿನ್ ಐಡ್ಲಿಂಗಿನಲ್ಲಿ ಸಾಮಾನ್ಯವಾಗಿ 25ರಿಂದ 40ರ ನಡುವೆ ಇರುತ್ತದೆ. ನಿಮ್ಮ ಗಾಡಿಯಲ್ಲಿ ಯಾವಾಗಲೂ 30 ಇದ್ದದ್ದು ಈಗ 38 ತೋರಿಸಿ, ಐಡ್ಲಿಂಗ್ 800 ಇದ್ದದ್ದು 1,200 ಆಗಿದ್ದರೆ, ಟ್ರಿಮ್ ಎಷ್ಟೇ ಚಂದ ಇರಲಿ, ಗಾಳಿ ಎಳೆಯುವ ಜಾಗ ಹುಡುಕಿ. ಥ್ರಾಟಲ್ ಬಾಡಿ ಕೊಳೆಯಾದರೂ ಐಡ್ಲಿಂಗ್ ಕೆಡುತ್ತದೆ, ಅದನ್ನೂ ಜೊತೆಗೇ ನೋಡಿಸಿ.

ತೂತು ಹುಡುಕುವ ಕೆಲಸ

ನಮ್ಮೂರಿನಲ್ಲಿ ಪೈಪು ಹಾಳಾಗಲು ಎರಡು ಕಾರಣ ನಾನು ಹೆಚ್ಚು ಕಂಡಿದ್ದೇನೆ. ಒಂದು, ಬಿಸಿ. ಓಮ್ನಿ, ಈಕೋ ತರದ ಗಾಡಿಗಳಲ್ಲಿ ಇಂಜಿನ್ ಸೀಟಿನಡಿ ಇರುವುದರಿಂದ ಬಿಸಿ ಅಲ್ಲೇ ನಿಲ್ಲುತ್ತದೆ, ರಬ್ಬರ್ ಗಟ್ಟಿಯಾಗಿ ತುದಿಯಲ್ಲಿ ಒಡೆಯುತ್ತದೆ. ಎರಡು, ಇಲಿ. ಮಳೆಗಾಲದಲ್ಲಿ ಅಡಿಕೆ, ತೆಂಗಿನಕಾಯಿ ರಾಶಿ ಪಕ್ಕದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿದರೆ ಬೆಚ್ಚಗಿನ ಇಂಜಿನ್ ಅವಕ್ಕೆ ಮನೆ.

ಕೆಲಸ ಸುರು ಮಾಡುವ ಮೊದಲು ಒಂದು ಮಾತು: ಇಂಜಿನ್ ಓಡುತ್ತಿರುವಾಗಲೇ ನೋಡಬೇಕಾಗುತ್ತದೆ. ಲುಂಗಿ, ಹೆಗಲಿನ ಬೈರಾಸು ಬೆಲ್ಟಿಗೆ ಸಿಕ್ಕದ ಹಾಗೆ ನೋಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಫ್ಯಾನ್ ತನ್ನಷ್ಟಕ್ಕೇ ಸುರುವಾಗಬಹುದು.

ಮೊದಲು ಕಣ್ಣು, ಕಿವಿ. ಟಾರ್ಚ್ ಹಿಡಿದು ಪ್ರತಿ ರಬ್ಬರ್ ಪೈಪನ್ನೂ ನೋಡಿ, ಬಗ್ಗಿಸಿ, ಅಡಿಭಾಗವನ್ನು ಬೆರಳಿನಿಂದ ಸವರಿ. ಬಿರುಕು ಹೆಚ್ಚಾಗಿ ಕಾಣದ ಬದಿಯಲ್ಲೇ ಇರುತ್ತದೆ. "ಸ್ಸ್" ಶಬ್ದ ಕೇಳುತ್ತದಾ ಎಂದು ಗಮನಿಸಿ.

ನೋಡಬೇಕಾದ ಜಾಗಗಳು ಇಷ್ಟು: ಇಂಜಿನಿನ ಮೇಲ್ಭಾಗದಿಂದ ಮ್ಯಾನಿಫೋಲ್ಡಿಗೆ ಬರುವ ಪಿಸಿವಿ ಪೈಪು, ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪು, ಪರ್ಜ್ ವಾಲ್ವಿನ ಸಣ್ಣ ಪೈಪು, ಥ್ರಾಟಲ್ ಬಾಡಿಯ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಕೂರುವ ರಬ್ಬರ್ ರಿಂಗ್. ಮ್ಯಾಫ್ ಇರುವ ಕಾರಾದರೆ ಅದರಿಂದ ಥ್ರಾಟಲ್ ತನಕ ಬರುವ ಮಡಿಕೆಯ ದೊಡ್ಡ ರಬ್ಬರ್ ಪೈಪನ್ನೂ ನೋಡಿ.

ಇನ್ನು ಆ್ಯಪಿನ ನಿಜವಾದ ಉಪಯೋಗ ಇಲ್ಲಿದೆ. ಐಡ್ಲಿಂಗಿನಲ್ಲಿ ಶಾರ್ಟ್ ಟರ್ಮ್ ಟ್ರಿಮ್ ಗ್ರಾಫ್ ತೆರೆದಿಡಿ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಒಂದೊಂದೇ ಪೈಪನ್ನು ಮ್ಯಾನಿಫೋಲ್ಡಿನ ಹತ್ತಿರವೇ ಮೆತ್ತಗೆ ಒತ್ತಿ ಹಿಡಿಯಿರಿ. ಹತ್ತು ಸೆಕೆಂಡು ಕಾಯಿರಿ. ಸರಿ ಇರುವ ಪೈಪನ್ನು ಒತ್ತಿದರೆ ಅಂಕಿ ಸ್ವಲ್ಪ ಅಲುಗಾಡುತ್ತದೆ ಅಷ್ಟೇ. ತೂತಿರುವ ಪೈಪನ್ನು ಒತ್ತಿದರೆ ಧಡಕ್ಕನೆ ಇಳಿಯುತ್ತದೆ.

ವೇಣೂರು ಕಡೆಯಿಂದ ಬಂದ ಮ್ಯಾಫ್ ಇರುವ ಒಂದು ಹಳೆ ಕಾರಿನಲ್ಲಿ ನಾನು ಹೀಗೇ ನೋಡಿದ್ದು. ಐಡ್ಲಿಂಗಿನಲ್ಲಿ ಲಾಂಗ್ ಟರ್ಮ್ +17, ಶಾರ್ಟ್ ಟರ್ಮ್ +4, ಒಟ್ಟು +21. 2,500ರಲ್ಲಿ ಒಟ್ಟು +6. ಬೂಸ್ಟರ್ ಪೈಪು ಒತ್ತಿದಾಗ ಏನೂ ಆಗಲಿಲ್ಲ. ಪಿಸಿವಿ ಪೈಪು ಒತ್ತಿದ ಕೂಡಲೇ ಶಾರ್ಟ್ ಟರ್ಮ್ −14ಕ್ಕೆ ಇಳಿಯಿತು. ಇದರ ಅರ್ಥ ಏನು? ಲಾಂಗ್ ಟರ್ಮ್ ಇನ್ನೂ +17ರ ಹಳೆ ಪಾಠವನ್ನೇ ಒಪ್ಪಿಸುತ್ತಿದೆ, ಆದರೆ ಕಳ್ಳಗಾಳಿ ನಿಂತದ್ದರಿಂದ ಇಸಿಯು ಅದನ್ನು ಅಲ್ಲಲ್ಲೇ ಕಳೆಯುತ್ತಿದೆ. ಮೊತ್ತ +3, ಅಂದರೆ ಇಂಜಿನ್ ಸರಿ. ಪೈಪು ಬಿಚ್ಚಿದಾಗ ಮೊಣಕೈ ತರ ಬಗ್ಗಿದ ಜಾಗದ ಅಡಿಯಲ್ಲಿ ಇಲಿ ಹಲ್ಲಿನ ಗುರುತು ಸ್ಪಷ್ಟ ಇತ್ತು. ಆ ಕಾರಿಗೆ ಬೇರೆ ಯಾವ ಪಾರ್ಟೂ ಬೇಕಾಗಲಿಲ್ಲ.

ಗ್ಯಾಸ್ಕೆಟ್ ಜೋಡಣೆಗಳನ್ನು ಒತ್ತಿ ನೋಡಲಾಗದು. ಅಲ್ಲಿಗೆ ಕೈ ಸ್ಪ್ರೇಯರಿನಿಂದ ತುಸು ಸಾಬೂನು ನೀರು ಹೊಡೆಯಿರಿ. ತೂತಿದ್ದರೆ ನೀರು ಒಳಗೆ ಎಳೆದುಕೊಂಡು ಒಂದು ಕ್ಷಣ ಜಾಗ ಮುಚ್ಚುತ್ತದೆ. ಇಂಜಿನ್ ಶಬ್ದ ಬದಲಾಗುತ್ತದೆ, ಟ್ರಿಮ್ ಅಲುಗುತ್ತದೆ. ವಯರ್ ಜೋಡಣೆ, ಕಾಯಿಲ್ ಮೇಲೆ ನೀರು ಬೀಳಬಾರದು. ಕೆಲವರು ಪೆಟ್ರೋಲ್, ಸೀಮೆಎಣ್ಣೆ, ಕಾರ್ಬುರೇಟರ್ ಕ್ಲೀನರ್ ಹೊಡೆದು ನೋಡುತ್ತಾರೆ. ದಯವಿಟ್ಟು ಬೇಡ. ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಗಾಡಿಯೇ ಹೊತ್ತಿ ಉರಿಯುತ್ತದೆ, ಅದರಲ್ಲೂ ಸೀಟಿನಡಿಯ ಇಂಜಿನಿನಲ್ಲಿ ಓಡಿ ತಪ್ಪಿಸಿಕೊಳ್ಳುವುದೂ ಕಷ್ಟ. ಊದುಬತ್ತಿಯೂ ಬೇಡ. ಇಷ್ಟರಲ್ಲಿ ಸಿಗದಿದ್ದರೆ ಹೊಗೆ ಬಿಟ್ಟು ನೋಡುವ ಮಿಷನ್ ಇರುವ ಗ್ಯಾರೇಜಿಗೆ ಕೊಡಿ.

ಬ್ರೇಕ್ ಬೂಸ್ಟರ್ ಪೈಪು: ಇದನ್ನು ಮುಂದೂಡಬೇಡಿ

ಮೇಲೆ ಹೇಳಿದ ಪೈಪುಗಳಲ್ಲಿ ಒಂದು ಮಾತ್ರ ಮೈಲೇಜಿನ ವಿಷಯ ಅಲ್ಲ, ಜೀವದ ವಿಷಯ. ಬ್ರೇಕ್ ಪೆಡಲ್ ಹಗುರವಾಗಿ ಇಳಿಯುವುದು ಬೂಸ್ಟರಿನಿಂದ. ಬೂಸ್ಟರಿಗೆ ಬಲ ಬರುವುದು ಇಂಜಿನಿನ ಎಳೆತದಿಂದ, ಅದೇ ಪೈಪಿನ ಮೂಲಕ. ಅದು ಸೀಳಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬ್ರೇಕ್ ಪೂರ್ತಿ ಹೋಗುವುದಿಲ್ಲ, ಆದರೆ ನಿಲ್ಲಿಸಲು ಬಹಳ ಹೆಚ್ಚು ಬಲ ಬೇಕಾಗುತ್ತದೆ. ಲೋಡು ಹಾಕಿಕೊಂಡು ಚಾರ್ಮಾಡಿ ತಿರುವು ಇಳಿಯುವಾಗ ಇದು ಗೊತ್ತಾದರೆ ಹೊತ್ತು ಮೀರಿರುತ್ತದೆ.

ಮನೆಯ ಅಂಗಳದಲ್ಲೇ ಪರೀಕ್ಷೆ ಮಾಡಬಹುದು. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿಯಿರಿ, ಅದು ಗಟ್ಟಿಯಾಗುತ್ತದೆ. ಹಾಗೇ ತುಳಿದು ಹಿಡಿದುಕೊಂಡು ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿಯಲ್ಲಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಪೈಪು, ಅದರ ಒಮ್ಮುಖ ವಾಲ್ವ್ ಅಥವಾ ಬೂಸ್ಟರ್ ಕೆಟ್ಟಿದೆ. ಇನ್ನೊಂದು: ಐಡ್ಲಿಂಗಿನಲ್ಲಿ ಪೆಡಲ್ ತುಳಿದು ಹಿಡಿದಿರುವಷ್ಟೂ ಹೊತ್ತು ಇಂಜಿನ್ ನಡುಗಿ ಟ್ರಿಮ್ ಏರುತ್ತಿದ್ದರೆ, ಬಿಟ್ಟಾಗ ಸರಿಯಾಗುತ್ತಿದ್ದರೆ, ಬೂಸ್ಟರಿನ ಒಳಗಿನ ಡಯಾಫ್ರಾಮ್ ಹರಿದಿದೆ. ಇಂಥ ಗಾಡಿಯನ್ನು ನಿಧಾನಕ್ಕೆ ಹತ್ತಿರದ ಗ್ಯಾರೇಜಿಗೆ ಮಾತ್ರ ಒಯ್ಯಿರಿ. ಘಾಟಿಗೆ ಇಳಿಸಬೇಡಿ.

ರಿಪೇರಿ ಮತ್ತು ಅದರ ನಂತರ

ಸೀಳಿದ ಪೈಪಿಗೆ ಟೇಪು, ಸೈಕಲ್ ಟ್ಯೂಬು, ಎಂ-ಸೀಲ್ ಹಚ್ಚಿ ಊರು ಮುಟ್ಟಬಹುದು, ವರ್ಷ ಓಡಿಸಲಾಗದು. ನೀರಿನ ಪೈಪಿನ ತುಂಡು ಹಾಕುವವರೂ ಇದ್ದಾರೆ. ಬಿಸಿಗೆ ಅದು ಮೆತ್ತಗಾಗಿ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಆಯಾ ಗಾಡಿಯದ್ದೇ ಪೈಪು ಹಾಕಿ. ಬೂಸ್ಟರ್ ಪೈಪಿಗಂತೂ ಒರಿಜಿನಲ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಪೈಪು ಬದಲಿಸಿದ ಮೇಲೆ ಕೋಡ್ ಅಳಿಸಿ. ಒಂದೆರಡು ದಿನ, 40-50 ಕಿಲೊಮೀಟರ್ ಮಾಮೂಲು ಓಡಿಸಿ ಮತ್ತೆ ಮೂರೂ ಅಂಕಿ ನೋಡಿ. ಲಾಂಗ್ ಟರ್ಮ್ ಇಳಿದು ಹದಕ್ಕೆ ಬಂದಿರಬೇಕು. ಕೋಡ್ ಮಾತ್ರ ಅಳಿಸಿ "ಸರಿ ಆಯ್ತು" ಅಂದುಕೊಂಡರೆ ವಾರದೊಳಗೆ ಲೈಟ್ ಮತ್ತೆ ಬರುತ್ತದೆ. ತೆಳು ಮಿಶ್ರಣದಲ್ಲೇ ಓಡಿಸುತ್ತಾ ಹೋದರೆ ಇಂಜಿನ್ ಮಿಸ್ ಆಗಿ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಡಬಹುದು. ಅದರ ಬೆಲೆ ಕೇಳಿದರೆ ಪೈಪು ಎಷ್ಟು ಅಗ್ಗ ಎಂದು ಗೊತ್ತಾಗುತ್ತದೆ.

ನೀವೇ ಬಿಚ್ಚಬೇಕು ಎಂದೇನೂ ಇಲ್ಲ. ನಿಮ್ಮ ಮೆಕ್ಯಾನಿಕ್ಕಿಗೆ ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟ್ ಕಳಿಸಿ "ಅಣ್ಣಾ, ಐಡ್ಲಿಂಗಿನಲ್ಲಿ 21, ರೇಸಿನಲ್ಲಿ 6 ತೋರಿಸ್ತದೆ, ಎಲ್ಲಿಯಾದ್ರೂ ಗಾಳಿ ಎಳೀತಾ ಉಂಟಾ ನೋಡಿ" ಅಂದರೆ ಅರ್ಧ ಕೆಲಸ ಮುಗಿಯಿತು. ಇಷ್ಟು ಹಿಡಿದುಕೊಂಡು ಬರುವ ಗಿರಾಕಿ ಸಿಕ್ಕಿದರೆ ನಮಗೂ ಖುಷಿಯೇ.

ಹುಲ್ಲು ಕಟ್ಟಿಂಗ್ ಮಿಷನಿಗೂ ಇದೇ ನಿಯಮ

ಟೂ-ಸ್ಟ್ರೋಕ್ ಬ್ರಷ್ ಕಟರ್, ಚೈನ್ ಗರಗಸಕ್ಕೆ ಯಾವ ಅಂಕಿಯೂ ಇಲ್ಲ, ಆದರೆ ಕಳ್ಳಗಾಳಿ ಅಲ್ಲಿ ಇನ್ನೂ ಅಪಾಯ. ಅದಕ್ಕೆ ಎಣ್ಣೆ ಸಿಗುವುದೇ ಪೆಟ್ರೋಲಿನ ಜೊತೆಗೆ. ಮಿಶ್ರಣ ತೆಳುವಾದರೆ ಎಣ್ಣೆಯೂ ಕಡಿಮೆ, ಬಿಸಿಯೂ ಹೆಚ್ಚು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ರೇಸ್ ಬಿಟ್ಟರೂ ಮಿಷನ್ ಕೂಗುತ್ತಾ ಇದ್ದರೆ ಕೂಡಲೇ ನಿಲ್ಲಿಸಿ, ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಸ್ಕ್ರೂ, ರಬ್ಬರ್ ನೋಡಿಸಿ. ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಶಬ್ದ ತಗ್ಗಿಸುವುದು ಮದ್ದಲ್ಲ.

ಈಗಲೇ ಮಾಡಬೇಕಾದ ಕೆಲಸ

ಗಾಡಿ ಕೆಟ್ಟ ಮೇಲೆ ಅಡಾಪ್ಟರ್ ಹುಡುಕಬೇಡಿ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಒಂದು ದಿನ ಐಡ್ಲಿಂಗ್ ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ, ಮೂರೂ ಸ್ಥಿತಿಯ ಟ್ರಿಮ್ ಬರೆದು ಆರ್‌ಸಿ ಜೊತೆ ಇಟ್ಟುಕೊಳ್ಳಿ. ಪುಸ್ತಕದ ಅಂಕಿಗಿಂತ ನಿಮ್ಮ ಗಾಡಿಯ ಸ್ವಂತ ಅಂಕಿಯೇ ನಾಳೆ ಹೆಚ್ಚು ಕೆಲಸಕ್ಕೆ ಬರುವುದು. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿದರೆ ಸಾಕು. ಅದೇ ದಿನ ಬ್ರೇಕ್ ಪೆಡಲಿನ ಪರೀಕ್ಷೆಯನ್ನೂ ಮಾಡಿಬಿಡಿ. ಅದಕ್ಕೆ ಮೊಬೈಲೂ ಬೇಡ.